ಸೋಫಾ ಅಂಗಡಿಯ ಗನ್ನು, ಹುಲಿಕುಂಟೆಯ ಜೇನುಪೆಟ್ಟಿಗೆ

ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿಯಲ್ಲಿ ಹಿಂದೆ ಜೇನು ಕಟ್ಟುತ್ತಿತ್ತಂತೆ, ಆ ಹೆಸರು ಬಂದದ್ದೇ ಅದರಿಂದ ಎನ್ನುತ್ತಾರೆ ಆ ಕಡೆಯವರು. ಬಂಡೆಗೆ ಕಟ್ಟುವ ಹೆಜ್ಜೇನಿಗೆ ಪೆಟ್ಟಿಗೆ ಬೇಡ, ಚೌಕಟ್ಟು ಬೇಡ, ಮೊಳೆಯಂತೂ ಬೇಡವೇ ಬೇಡ. ಮನುಷ್ಯ ಸಾಕುವ ಜೇನಿನ ಪಾಡು ಬೇರೆ. ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯ ಯಾವುದಾದರೂ ದಾಳಿಂಬೆ ತೋಟದಲ್ಲಿ ಮೆಲ್ಲಿಫೆರಾ ಎಂಬ ಸಾಕುಜೇನಿನ ಒಂದು ಪೆಟ್ಟಿಗೆ ಇಟ್ಟರೆ, ಕೆಳಗಿನ ಮರಿಕೋಣೆಗೆ ಹತ್ತು, ಮೇಲಿನ ಜೇನುಕೋಣೆಗೆ ಹತ್ತು, ಒಟ್ಟು ಇಪ್ಪತ್ತು ಚೌಕಟ್ಟು. ಒಂದೊಂದಕ್ಕೂ ಹತ್ತು ಮೊಳೆ. ಒಂದು ಪೆಟ್ಟಿಗೆಗೆ 200 ಮೊಳೆ, ಐವತ್ತು ಪೆಟ್ಟಿಗೆಗೆ 10,000.

ಮೊಳೆಗೊಂದು ಕಾಲು ನಿಮಿಷ ಎಂದು ಹಿಡಿದರೂ ನಲವತ್ತು ಗಂಟೆ ದಾಟುತ್ತದೆ. ಸುತ್ತಿಗೆ ತಪ್ಪಿ ಹೆಬ್ಬೆರಳಿಗೆ ಬಿದ್ದ ಪೆಟ್ಟು, ಸೀಳಿಹೋದ ಪಟ್ಟಿ, ಸೊಟ್ಟಗಾದ ಮೊಳೆ ಇವೆಲ್ಲ ಈ ಲೆಕ್ಕದಾಚೆ. ಜೇನು ಸಾಕುವವರ ನಡುವೆ ನೇಲ್ ಗನ್ನಿನ ಮಾತು ಬರುವುದು ಇಲ್ಲಿಂದಲೇ. ಆದರೆ ಯಾವ ಗನ್ನು ಒಳ್ಳೆಯದು ಎನ್ನುವುದಕ್ಕಿಂತ ಅದನ್ನು ಯಾರು ಕೊಳ್ಳಬೇಕು ಎಂಬ ಪ್ರಶ್ನೆ ಮೊದಲು ಬರಬೇಕು.

ಚೌಕಟ್ಟಿಗೆ ಇಷ್ಟು ಮಹತ್ವ ಬಂದ ಕಥೆ ಹಳೆಯದು. ಎರಡು ಎರಿಗಳ ನಡುವೆ, ಎರಿಗೂ ಗೋಡೆಗೂ ನಡುವೆ ಸುಮಾರು ಒಂದು ಸೆಂಟಿಮೀಟರಿನಷ್ಟು ದಾರಿ ಬಿಟ್ಟರೆ ಹುಳುಗಳು ಅದನ್ನು ಮುಚ್ಚುವುದಿಲ್ಲ ಎಂಬುದು ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್‌ಗೆ 1851ರಲ್ಲಿ ಹೊಳೆಯಿತು. ಎರಿಯನ್ನು ಕೊಯ್ಯದೆ ಎತ್ತಿ ನೋಡಿ ಮತ್ತೆ ಇಳಿಸುವ ಪೆಟ್ಟಿಗೆ ಹುಟ್ಟಿದ್ದು ಹಾಗೆ. ನಮ್ಮ ತುಡುವೆ ಜೇನಿನ ಮೈಯಳತೆಗೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದವರೂ ಒಬ್ಬ ಪಾದ್ರಿಯೇ. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ನ್ಯೂಟನ್ 1911ರಿಂದ 1917ರವರೆಗೆ ಹಳ್ಳಿಗರಿಗೆ ಜೇನು ಸಾಕುವುದನ್ನು ಕಲಿಸಿದರು. ನ್ಯೂಟನ್ ಪೆಟ್ಟಿಗೆ ಎಂದರೆ ದಕ್ಷಿಣದ ಜೇನುಗಾರರಿಗೆ ಇಂದಿಗೂ ಗುರುತು ಸಿಗುತ್ತದೆ.

ಚೌಕಟ್ಟು ಎರಡು ಮಿಲಿಮೀಟರ್ ಓರೆಯಾದರೂ ಈ ದಾರಿಯ ಲೆಕ್ಕ ತಪ್ಪುತ್ತದೆ. ಕಿರಿದಾದ ಕಡೆ ಹುಳುಗಳು ಅಂಟು ಮೆತ್ತುತ್ತವೆ, ಅಗಲವಾದ ಕಡೆ ಅಡ್ಡ ಎರಿ ಕಟ್ಟುತ್ತವೆ. ಆಮೇಲೆ ಒಂದು ಚೌಕಟ್ಟು ಎತ್ತಲು ಹೋದರೆ ಪಕ್ಕದ್ದೂ ಜೊತೆಗೆ ಬರುತ್ತದೆ. ಸೊಟ್ಟ ಚೌಕಟ್ಟಿಗೆ ಎಂಥ ದುಬಾರಿ ಗನ್ನಿನಿಂದ ಮೊಳೆ ಹೊಡೆದರೂ ಅದು ಭದ್ರವಾದ ಸೊಟ್ಟ ಚೌಕಟ್ಟು, ಅಷ್ಟೇ. ಗನ್ನಿಗೆ ಮೊದಲು ಬೇಕಾದದ್ದು ಅಚ್ಚು. ಹತ್ತು ಜೊತೆ ಪಕ್ಕದ ಪಟ್ಟಿಗಳನ್ನು ಸಾಲಾಗಿ ನಿಲ್ಲಿಸಿ ಬಿಗಿಹಿಡಿಯುವ, ತಳವಿಲ್ಲದ ಒಂದು ಮರದ ಡಬ್ಬ. ಮೂಲೆಮಟ್ಟ ಹಿಡಿದು ಕೆಲಸ ಮಾಡಬಲ್ಲ ಯಾವ ಬಡಗಿಯಾದರೂ ಅರ್ಧ ದಿನದಲ್ಲಿ ಮಾಡಿಕೊಟ್ಟಾನು.

ಕೆಲಸ ನಡೆಯುವ ಬಗೆ ಹೀಗೆ. ಪಟ್ಟಿಗಳ ತುದಿಗೆ ಬೆರಳಿನಿಂದ ಮರದ ಅಂಟು ಸವರಿ ಮೇಲ್ಪಟ್ಟಿಗಳನ್ನು ಕೂರಿಸುತ್ತಾರೆ. ಪ್ರತಿ ತುದಿಗೆ ಮೇಲಿನಿಂದ ಎರಡೆರಡು ಹೊಡೆತ. ಅಚ್ಚನ್ನು ಮಗುಚಿ ಕೆಳಪಟ್ಟಿ ಇಟ್ಟು ಮತ್ತೆ ಎರಡೆರಡು. ಅಚ್ಚಿನಿಂದ ಹೊರತೆಗೆದ ಮೇಲೆ ಪಕ್ಕದ ಪಟ್ಟಿಯ ಮೂಲಕ ಮೇಲ್ಪಟ್ಟಿಗೆ ಅಡ್ಡವಾಗಿ ಒಂದೊಂದು. ಬಹಳ ಮಂದಿ ಬಿಟ್ಟುಬಿಡುವುದು ಈ ಕೊನೆಯ ಎರಡನ್ನೇ. ಜೇನು ತುಂಬಿದ ದೊಡ್ಡ ಚೌಕಟ್ಟು 3 ಕಿಲೋ ಹತ್ತಿರ ತೂಗುತ್ತದೆ. ಅದರ ಎರಡು ಕಿವಿ ಹಿಡಿದು ಎತ್ತಿದಾಗ ಮೇಲಿನಿಂದ ಹೊಡೆದ ಮೊಳೆಗಳು ನೇರ ಕಿತ್ತು ಬರಲು ನೋಡುತ್ತವೆ. ತಡೆಯುವುದು ಈ ಅಡ್ಡ ಮೊಳೆ. ಅದಿಲ್ಲದಿದ್ದರೆ ಕೈಯಲ್ಲಿ ಉಳಿಯುವುದು ಮೇಲ್ಪಟ್ಟಿ, ಎರಿ ಮತ್ತು ಹುಳುಗಳೆಲ್ಲ ಕೆಳಗೆ. ರೊಚ್ಚಿಗೆದ್ದ ಹುಳುಗಳ ನಡುವೆ ನಿಂತು ಆ ಪಾಠ ಕಲಿಯುವುದು ಯಾರಿಗೂ ಬೇಡ.

ಇಲ್ಲಿ ತುಡುವೆಗೂ ಮೆಲ್ಲಿಫೆರಾಗೂ ಒಂದು ವ್ಯತ್ಯಾಸವಿದೆ. ಮೆಲ್ಲಿಫೆರಾ ಗಿಡಮರಗಳ ಅಂಟು ತಂದು ಚೌಕಟ್ಟಿನ ಕಿವಿಗಳನ್ನು ಪೆಟ್ಟಿಗೆಗೆ ಮೆತ್ತಿ ಕೂರಿಸುತ್ತದೆ. ಉಳಿ ಹಾಕಿ ಮೀಟದೆ ಅದು ಮೇಲೇಳುವುದಿಲ್ಲ. ತುಡುವೆ ಆ ಗೊಡವೆಗೇ ಹೋಗುವುದಿಲ್ಲ. ಅದರ ಚೌಕಟ್ಟೂ ಚಿಕ್ಕದು, ಹಗುರ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕರ್ನಾಟಕದ ತುಡುವೆ ಕುಟುಂಬಗಳು ಸಾಲುಸಾಲಾಗಿ ಬರಿದಾದ ಮೇಲೆ ಮೆಲ್ಲಿಫೆರಾ ಈ ಕಡೆ ಬೇರೂರಿತು. ಹುಳು ಬದಲಾಗಿ ಚೌಕಟ್ಟಿನ ಮೇಲಿನ ಭಾರ ಹೆಚ್ಚಿತು, ಮೊಳೆ ಹೊಡೆಯುವ ರೂಢಿ ಮಾತ್ರ ಅನೇಕ ಕಡೆ ಹಳೆಯದೇ ಉಳಿಯಿತು. ಮೆಲ್ಲಿಫೆರಾ ಸಾಕುವವರು ಪೆಟ್ಟಿಗೆಗಳನ್ನು ಲಾರಿಗೆ ಹೇರಿ ಹೂವಿದ್ದಲ್ಲಿಗೆ ಹೋಗುತ್ತಾರೆ. ಕೆಲವರು ಕೇರಳದ ರಬ್ಬರ್ ತೋಟಗಳವರೆಗೂ. ಆ ದಾರಿಯ ಒಂದೊಂದು ಕುಲುಕಾಟಕ್ಕೂ ಮೊಳೆ ಸಡಿಲಾಗುತ್ತದೆ.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕರಲ್ಲಿ ಯಾವ ಊರಿಗೆ ಹೋದರೂ ಸೋಫಾ ಮಾಡುವ ಅಂಗಡಿಯಲ್ಲಿ ಗಾಳಿ ಗನ್ನು ಕಾಣಸಿಗುತ್ತದೆ. ಹಾಗೆಂದು ಕಣ್ಣಿಗೆ ಬಿದ್ದದ್ದನ್ನು ಎತ್ತಿಕೊಳ್ಳುವಂತಿಲ್ಲ. ಬಟ್ಟೆ ಮತ್ತು ರೆಕ್ಸಿನ್ ಹೊಡೆಯುವ 80 ಸರಣಿಯ ಸ್ಟೇಪ್ಲರ್ ಚೌಕಟ್ಟಿಗೆ ಆಗುವುದಿಲ್ಲ. ಅದರ ಪಿನ್ನಿನ ಬೆನ್ನು 12 ಮಿಲಿಮೀಟರಿಗಿಂತ ಅಗಲ, ಕಾಲು ಹೆಚ್ಚೆಂದರೆ 16 ಮಿಲಿಮೀಟರ್. ಹತ್ತು ಮಿಲಿಮೀಟರ್ ದಪ್ಪದ ಪಟ್ಟಿಯನ್ನು ತೂರಿ ಅದು ಕೆಳಗಿನ ಮರವನ್ನು ಹಿಡಿಯುವುದು ಬರೀ ಅರ್ಧ ಸೆಂಟಿಮೀಟರ್. ಇನ್ನು 23 ಗೇಜಿನ ಪಿನ್ ಗನ್ನು ಹೊಡೆಯುವುದು ತಲೆಯೇ ಇಲ್ಲದ ಸೂಜಿಯನ್ನು. ಫೋಟೋ ಫ್ರೇಮಿಗೆ ಅಂದ, ಜೇನು ಫ್ರೇಮಿಗೆ ದಂಡ.

ಬಡಗಿಗಳು ಎಫ್-30 ಎಂದು ಕರೆಯುವ 18 ಗೇಜಿನ ಬ್ರ್ಯಾಡ್ ಗನ್ನು ತುಡುವೆ ಚೌಕಟ್ಟಿಗೆ ಸಾಕು. 10ರಿಂದ 30 ಮಿಲಿಮೀಟರ್ ಉದ್ದದ ಮೊಳೆಗಳನ್ನು ಅದು ಹೊಡೆಯುತ್ತದೆ. 25 ಅಥವಾ 30ರ ಮೊಳೆ, ಜೊತೆಗೆ ಅಂಟು. ಮೆಲ್ಲಿಫೆರಾ ಚೌಕಟ್ಟಿಗೆ ಉತ್ತಮವಾದದ್ದು ಕಿರಿದಾದ ಬೆನ್ನಿನ ಸ್ಟೇಪ್ಲರ್, ಪೇಟೆಯ ಮಾತಿನಲ್ಲಿ 90 ಸರಣಿ. ಅದರ ಪಿನ್ನಿನ ಬೆನ್ನು 6 ಮಿಲಿಮೀಟರಿನ ಆಸುಪಾಸು, ಕಾಲು 40ರವರೆಗೂ ಸಿಗುತ್ತದೆ. ಒಂದು ಹೊಡೆತಕ್ಕೆ ಎರಡು ಕಾಲು ಒಳಗೆ ಇಳಿಯುತ್ತವೆ, ಬೆನ್ನು ಮೇಲೆ ಅಡ್ಡಲಾಗಿ ಕೂತು ಪಟ್ಟಿಯನ್ನು ಅದುಮಿ ಹಿಡಿಯುತ್ತದೆ. ಬ್ರ್ಯಾಡಿನ ಸಣ್ಣ ತಲೆಗೆ ಆ ಹಿಡಿತವಿಲ್ಲ. ಇವೆರಡನ್ನೂ ಒಂದರಲ್ಲೇ ಹೊಡೆಯುವ ಎಫ್-50/9040 ಗನ್ನುಗಳೂ ಪೇಟೆಯಲ್ಲಿವೆ; ಹೊಸದಾಗಿ ಕೊಳ್ಳುವುದಾದರೆ ಅದೇ ಲೇಸು.

ಬ್ಯಾಟರಿ ಗನ್ನು ನೋಡಲು ಚೆಂದ, ತೋಟಕ್ಕೂ ಒಯ್ಯಬಹುದು. ಆದರೆ ತೂಕ ಹೆಚ್ಚು, ಬೆಲೆಯೂ ಹೆಚ್ಚು, ಕೆಟ್ಟರೆ ರಿಪೇರಿಗೆ ಪೇಟೆಗೆ ಓಡಬೇಕು. ಗಾಳಿ ಗನ್ನಿನೊಳಗೆ ಇರುವುದು ಒಂದು ಪಿಸ್ಟನ್ನು, ಕೆಲವು ರಬ್ಬರ್ ಉಂಗುರ. ಒಂದು ಎಚ್.ಪಿ. ಕಂಪ್ರೆಸರ್ ಮನೆಯ ಸಿಂಗಲ್ ಫೇಸಿನಲ್ಲೇ ತಿರುಗುತ್ತದೆ, ತೊಟ್ಟಿಯಲ್ಲಿ ತುಂಬಿದ ಗಾಳಿಯಿಂದ ಕರೆಂಟು ಹೋದ ಮೇಲೂ ಒಂದಿಷ್ಟು ಹೊಡೆತ ಸಿಗುತ್ತದೆ. ಹಳ್ಳಿಗೆ ಗಾಳಿ ಗನ್ನೇ ಹೊಂದುತ್ತದೆ.

ಅಪಾಯದ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 37,000 ಮಂದಿ ನೇಲ್ ಗನ್ ಗಾಯದಿಂದ ತುರ್ತು ಚಿಕಿತ್ಸೆಗೆ ಬರುತ್ತಿದ್ದರು ಎಂದು ಅಲ್ಲಿನ ಕಾರ್ಮಿಕ ಸುರಕ್ಷತಾ ಸಂಸ್ಥೆಗಳು 2011ರ ಕೈಪಿಡಿಯಲ್ಲಿ ದಾಖಲಿಸಿವೆ. ಚೌಕಟ್ಟಿನ ಕೆಲಸದಲ್ಲಿ ಅಪಾಯ ಇನ್ನಷ್ಟು ಹತ್ತಿರ. ಪಟ್ಟಿ ತೆಳು, ಬೆರಳು ಪಕ್ಕದಲ್ಲೇ. ತೆಳ್ಳಗಿನ ಬ್ರ್ಯಾಡು ಮರದ ನಾರಿನ ದಾರಿ ಹಿಡಿದು ಒಳಗೇ ಬಾಗಿ ಪಕ್ಕದಿಂದ ಇಣುಕುತ್ತದೆ, ಅಲ್ಲಿ ಹೆಬ್ಬೆರಳು ಇದ್ದರೆ ಮುಗಿಯಿತು. ಮೂತಿ ಒತ್ತಿದ ಮೇಲೆ ಕುದುರೆ ಎಳೆದರಷ್ಟೇ, ಅದೂ ಒಂದು ಸಲಕ್ಕೆ ಒಂದೇ ಹೊಡೆಯುವ ಗನ್ನನ್ನೇ ಆರಿಸಬೇಕು. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಹಾಗಿದ್ದರೆ ಕೊಳ್ಳಬೇಕಾದವರು ಯಾರು? ತೋಟದ ಮೂಲೆಯಲ್ಲಿ ಎರಡೋ ನಾಲ್ಕೋ ಪೆಟ್ಟಿಗೆ ಇಟ್ಟ ರೈತನಂತೂ ಅಲ್ಲ. ನಾನೂರು, ಎಂಟುನೂರು ಮೊಳೆಗೆ ಸುತ್ತಿಗೆ, ಅಂಟು, ತೂತು ಕೊರೆಯಲು ಒಂದು ಸಣ್ಣ ಡ್ರಿಲ್ ಸಾಕು. ವರ್ಷಕ್ಕೆ ಎರಡು ದಿನ ಕೆಲಸಕ್ಕೆ ಬರುವ ಗನ್ನು ಉಳಿದ ದಿನ ಅಟ್ಟದ ಮೇಲೆ ತುಕ್ಕು ಹಿಡಿಯುತ್ತದೆ. ಐವತ್ತು ಪೆಟ್ಟಿಗೆ ದಾಟಿದವನಿಗೆ ಸ್ವಂತದ್ದು ಇರಲಿ. ಇವರಿಬ್ಬರ ನಡುವಿನವರಿಗೆ, ಹತ್ತಿಪ್ಪತ್ತು ಪೆಟ್ಟಿಗೆಯವರಿಗೆ, ಗನ್ನು ಬಾಡಿಗೆಗೆ ಸಿಗಬೇಕು.

ಅದಕ್ಕೆ ದಾರಿ ಇಲ್ಲದಿಲ್ಲ. ಹೋಬಳಿ ಮಟ್ಟದಲ್ಲಿ ಟ್ರ್ಯಾಕ್ಟರು, ರೋಟವೇಟರು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ರಾಜ್ಯದಲ್ಲಿದೆ. ಕೇಂದ್ರ ಸರ್ಕಾರ 2020ರಲ್ಲಿ ಜೇನು ಸಾಕಾಣಿಕೆ ಮಿಷನ್‌ಗೆ ಮೂರು ವರ್ಷಕ್ಕೆಂದು 500 ಕೋಟಿ ರೂಪಾಯಿ ಘೋಷಿಸಿತು. ತೋಟಗಾರಿಕೆ ಇಲಾಖೆಯ ಸಹಾಯಧನದಲ್ಲಿ ಪೆಟ್ಟಿಗೆಗಳು ರೈತರ ಮನೆಗೆ ಬರುತ್ತವೆ. ಪೆಟ್ಟಿಗೆ ಕೊಟ್ಟವರು ಮೂರನೇ ವರ್ಷ ಅದರ ಚೌಕಟ್ಟು ಸಡಿಲಾದಾಗ ಏನು ಮಾಡಬೇಕೆಂದೂ ಯೋಚಿಸಬೇಕಲ್ಲವೇ? ಯಂತ್ರಧಾರೆಯ ಕೊಟ್ಟಿಗೆಯಲ್ಲಿ ಒಂದು ಕಂಪ್ರೆಸರು, ಒಂದು 90 ಸರಣಿಯ ಗನ್ನು, ತುಡುವೆಗೊಂದು ಮೆಲ್ಲಿಫೆರಾಗೊಂದು ಅಚ್ಚು ಇಡಲು ಟ್ರ್ಯಾಕ್ಟರಿನ ಒಂದು ಚಕ್ರದ ಜಾಗವೂ ಬೇಡ.

ಬಾಡಿಗೆ ಗನ್ನು ಬೇಗ ಹಾಳಾಗುತ್ತದೆ, ಯಾರ ಕೈಗೂ ಯಾರೂ ಹೊಣೆಯಲ್ಲ ಎಂಬ ಆಕ್ಷೇಪ ಇದ್ದದ್ದೇ, ಅದು ಸುಳ್ಳೂ ಅಲ್ಲ. ಆದ್ದರಿಂದ ಗನ್ನನ್ನು ಕೈಗೆ ಕೊಡುವುದಕ್ಕಿಂತ ಕೆಲಸವನ್ನೇ ಮಾಡಿಸಿಕೊಳ್ಳುವುದು ವಾಸಿ. ಕೊಯ್ದು ಒಣಗಿಸಿದ ಪಟ್ಟಿಗಳನ್ನೂ ಅಚ್ಚನ್ನೂ ಹೊತ್ತು ಸೋಫಾ ಅಂಗಡಿಗೇ ಹೋದರಾಯಿತು. ಪಟ್ಟಿ ಚೆನ್ನಾಗಿ ಒಣಗಿರಲಿ. ಹಸಿಮರ ಈ ಸೀಮೆಯ ಬೇಸಿಗೆಯಲ್ಲಿ ಸೊರಗಿ ಮೊಳೆಯ ಹಿಡಿತವನ್ನೇ ಬಿಟ್ಟುಕೊಡುತ್ತದೆ. ಪಕ್ಕದ ಪಟ್ಟಿಯಲ್ಲಿ ತಂತಿ ಪೋಣಿಸುವ ತೂತುಗಳಿಗೆ ಪಿನ್ನು ಅಡ್ಡ ಬರದಂತೆ ಪೆನ್ಸಿಲ್ ಗುರುತು ಹಾಕಿಕೊಟ್ಟರೆ ಉಳಿದದ್ದು ಅಂಗಡಿಯವನ ಕೈಚಳಕ.

ಹೋಗುವುದಾದರೆ ಆಷಾಢದಲ್ಲಿ ಹೋಗಬೇಕು. ಹೊಂಗೆ, ಬೇವಿನ ಹೂವು ಮುಗಿದು ಹುಚ್ಚೆಳ್ಳು ಅರಳಲು ಇನ್ನೂ ತಿಂಗಳುಗಟ್ಟಲೆ ಇರುವ ಕಾಲ ಅದು. ಪೆಟ್ಟಿಗೆಯಲ್ಲಿ ಹುಳುಗಳಿಗೂ ಹೇಳಿಕೊಳ್ಳುವಂಥ ಕೆಲಸವಿರುವುದಿಲ್ಲ. ಮದುವೆಗಳಿಲ್ಲದ್ದರಿಂದ ಸೋಫಾ, ಮಂಚಕ್ಕೆ ಗಿರಾಕಿ ಕಮ್ಮಿ, ಕಂಪ್ರೆಸರು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ಶ್ರಾವಣ ಹುಟ್ಟಿದರೆ ಅಂಗಡಿಯವನು ಮತ್ತೆ ಕೈಗೆ ಸಿಗುವುದಿಲ್ಲ.