ಬಳ್ಳಿ ಹಳದಿಯಾಗುವ ಮೊದಲು ಬೇರು ನೋಡಿ

ದೀಪಾವಳಿ ಕಳೆದ ಮೇಲೆ ಮಲೆನಾಡಿನ ತೋಟಗಳಲ್ಲಿ ವರ್ಷವರ್ಷವೂ ನಡೆಯುವುದು ಇದೇ. ಮಳೆಗಾಲವಿಡೀ ಕಡುಹಸಿರಾಗಿ ನಿಂತಿದ್ದ ಮೆಣಸಿನ ಬಳ್ಳಿ, ಮಳೆ ಹಿಂದೆಗೆದು ಬಿಸಿಲು ಬಿದ್ದ ಕೆಲವೇ ವಾರಗಳಲ್ಲಿ ಜೋಲುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ, ಗೆಣ್ಣುಗಳು ಒಂದೊಂದಾಗಿ ಕಳಚಿ ಬೀಳುತ್ತವೆ, ಬಲಿಯಬೇಕಾದ ಕಾಳು ಗೊಂಚಲಲ್ಲೇ ಮುರುಟುತ್ತದೆ. ಆಗ ಎಲ್ಲರೂ ಔಷಧಿ ಅಂಗಡಿಗೆ ಓಡುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲೂ ಹೀಗಾದಾಗ ಪಕ್ಕದ ತೋಟದ ಹಿರಿಯರೊಬ್ಬರು ಬಂದು ನೋಡಿದರು. ಎಲೆಯತ್ತ ಅವರು ತಲೆಯೆತ್ತಲೇ ಇಲ್ಲ. ಕುಕ್ಕರುಗಾಲಲ್ಲಿ ಕೂತು ಬುಡದ ದರಕು ಸರಿಸಿ, ಬೆರಳಲ್ಲೇ ಮಣ್ಣು ಬಿಡಿಸಿ, ದಾರದಷ್ಟು ತೆಳುವಾದ ಬೇರೊಂದನ್ನು ಹಿಡಿದು ಮೆಲ್ಲನೆ ಎಳೆದರು. ಕಂದು ಸಿಪ್ಪೆ ಕಳಚಿ ಅವರ ಬೆರಳಿಗೆ ಬಂತು. ಒಳಗಿನ ನಾರು ಮಾತ್ರ ನೆಲದಲ್ಲಿ ಉಳಿಯಿತು. "ಇದು ಈಗ ಸತ್ತದ್ದಲ್ಲ ತಮ್ಮಾ, ಆಷಾಢದಲ್ಲೇ ಸತ್ತಿದೆ. ಎಲೆಗೆ ಸುದ್ದಿ ಮುಟ್ಟಿದ್ದು ಈಗ" ಎಂದರು.

ಆ ಮಾತನ್ನು ಈ ಬೇಸಿಗೆಯಲ್ಲಿ, ಮುಂಗಾರಿಗೆ ಇನ್ನೂ ಕೆಲವು ವಾರ ಇರುವಾಗಲೇ ಮತ್ತೆ ಹೇಳಬೇಕಾಗಿದೆ.

ಬೇರು ಎಂದರೆ ನೀರು ಹೀರುವ ಕೊಳವೆ ಎಂದೇ ನಾವು ತಿಳಿದಿದ್ದೇವೆ. ದಪ್ಪ ಬೇರುಗಳು ಗಿಡವನ್ನು ಹಿಡಿದು ನಿಲ್ಲಿಸುತ್ತವೆ, ನೀರು ಸಾಗಿಸುತ್ತವೆ, ನಿಜ. ಆದರೆ ಉಣ್ಣುವ ಕೆಲಸ ನಡೆಯುವುದು ತುದಿಯ ಎಳೆಬೇರುಗಳಲ್ಲಿ. ತುದಿಗೊಂದು ಟೊಪ್ಪಿಗೆ, ಅದರ ಹಿಂದೆ ಬೆಳೆಯುವ ಭಾಗ, ಅದರ ಹಿಂದೆ ಕಣ್ಣಿಗೆ ಕಂಡೂ ಕಾಣದ ಬೇರುಕೂದಲುಗಳು. ಈ ಕೂದಲುಗಳ ಆಯುಸ್ಸು ಹೆಚ್ಚೆಂದರೆ ಕೆಲವು ವಾರ. ಗಿಡ ಹಳತನ್ನು ಬಿಟ್ಟು ಹೊಸತನ್ನು ಹೊರಡಿಸುತ್ತಲೇ ಇರಬೇಕು. 1937ರಲ್ಲಿ ಅಮೆರಿಕದ ಹೊವಾರ್ಡ್ ಡಿಟ್ಮರ್ ಎಂಬ ವಿಜ್ಞಾನಿ ಪೆಟ್ಟಿಗೆಯೊಂದರಲ್ಲಿ ಬೆಳೆದ ನಾಲ್ಕು ತಿಂಗಳ ಒಂದೇ ಒಂದು ರೈ ಗಿಡದ ಬೇರುಗಳನ್ನು ತೊಳೆದು ಲೆಕ್ಕ ಹಾಕಿದರು. ಬೇರುಗಳ ಒಟ್ಟು ಉದ್ದ 600 ಕಿಲೋಮೀಟರಿಗೂ ಹೆಚ್ಚು. ಕೂದಲುಗಳದು 10,000 ಕಿಲೋಮೀಟರಿಗೂ ಹೆಚ್ಚು. ಮೊಣಕಾಲೆತ್ತರದ ಹುಲ್ಲಿನ ಜಾತಿಯ ಗಿಡವೊಂದು ಮಣ್ಣಿನಲ್ಲಿ ಇಷ್ಟು ದುಡಿಯುತ್ತದೆ.

ಈ ದುಡಿಮೆಗೆ ಬೇರಿಗೆ ಉಸಿರು ಬೇಕು. ಎಲೆ ಕಳಿಸಿದ ಸಕ್ಕರೆಯನ್ನು ಆಮ್ಲಜನಕದಿಂದ ಉರಿಸಿದರೆ ಮಾತ್ರ ಮಣ್ಣಿನ ಸಾರವನ್ನು ಒಳಗೆಳೆಯುವ ಶಕ್ತಿ ಬರುವುದು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿಯಿದ್ದರೆ ಇದು ಸಲೀಸು. ಅಲ್ಲಿ ನೀರು ತುಂಬಿದರೆ ಕತೆ ಮುಗಿಯಿತು. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ಉಸಿರು ಕಟ್ಟಿದ ಬೇರು ಕಾಲಬುಡದಲ್ಲಿರುವ ನೀರನ್ನೂ ಹೀರಲಾರದು. ಭತ್ತದ ಬೇರಿಗೆ ಎಲೆಯಿಂದ ಗಾಳಿ ಇಳಿಸಿಕೊಳ್ಳುವ ಒಳದಾರಿ ಇದೆ. ಅಂಥ ದಾರಿಯನ್ನು ನೆಚ್ಚಿ ನೀರಲ್ಲಿ ನಿಲ್ಲುವ ಗಿಡ ಮೆಣಸಲ್ಲ, ಅಡಕೆಯೂ ಅಲ್ಲ. ಎರಡಕ್ಕೂ ಉಣ್ಣುವ ಬೇರುಗಳು ಬಹುಪಾಲು ಮಣ್ಣಿನ ಮೇಲ್ಪದರದ ಎರಡು ಅಡಿಯೊಳಗೇ ಇವೆ.

ಇದೇ ಹೊತ್ತಿಗೆ ಕಾಯುತ್ತಿರುತ್ತದೆ ಬೇರು ಕೊಳೆಸುವ ಫೈಟಾಫ್ತೊರಾ ಎಂಬ ರೋಗಾಣು. ಅಡಕೆಯ ಕೊಳೆರೋಗವೂ ಇದೇ ಕುಲದ್ದು; ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಬಿಡಿಸಿ ಬರೆದದ್ದು 1910ರಲ್ಲಿ. ಶಿಲೀಂಧ್ರ ಎಂದೇ ನಾವು ಕರೆದರೂ ವಂಶದಲ್ಲಿ ಫೈಟಾಫ್ತೊರಾ ಪಾಚಿಯ ಕಡೆಯ ನೆಂಟ. ಅದರ ಬೀಜಕಣಗಳಿಗೆ ಬಾಲವಿದೆ, ನೀರಿನಲ್ಲಿ ಈಜುತ್ತವೆ. ಬೇರಿನಿಂದ ಒಸರುವ ಸಕ್ಕರೆ, ಅಮೈನೊ ಆಮ್ಲಗಳ ಜಾಡು ಹಿಡಿದು ಬರುತ್ತವೆ. ಉಸಿರು ಕಟ್ಟಿದ ಬೇರು ಇನ್ನೂ ಹೆಚ್ಚು ಸೋರುತ್ತದೆ. ನಿಂತ ನೀರು ಬೇರನ್ನು ಬಳಲಿಸಿ, ವೈರಿಗೆ ದಾರಿಯನ್ನೂ ತಾನೇ ಮಾಡಿಕೊಡುತ್ತದೆ. ಬೇರಿನಲ್ಲಿ ಗಂಟು ಕಟ್ಟುವ, ಗಾಯ ಮಾಡುವ ಜಂತುಹುಳಗಳೂ ಮೊದಲೇ ಇದ್ದರಂತೂ ಕೇಳುವುದೇ ಬೇಡ.

ಆದರೂ ಜುಲೈಯಲ್ಲಿ ಬಳ್ಳಿ ಹಸಿರಾಗಿಯೇ ಇರುತ್ತದೆ. ಗಾಳಿಯಲ್ಲೇ ತೇವ, ಮೋಡದ ನೆರಳು, ಎಲೆಯಿಂದ ಆವಿಯಾಗುವುದು ಅತ್ಯಲ್ಪ. ಅರ್ಧ ಬೇರು ಕೊಳೆತರೂ ಉಳಿದರ್ಧ ಹೇಗೋ ನಿಭಾಯಿಸುತ್ತದೆ. ಅಕ್ಟೋಬರ್ ಬಿಸಿಲು ನೀರು ಕೇಳಿದಾಗ ಕೊಡಲು ಬೇರಿಲ್ಲ. ಮೂರು ತಿಂಗಳ ಈ ಅಂತರವೇ ರೈತರನ್ನು ಮೋಸಗೊಳಿಸುತ್ತಿರುವುದು. ಆಗ ಎಷ್ಟು ಸಿಂಪಡಿಸಿದರೂ ಕೊಳೆತ ಬೇರು ಚಿಗುರುವುದಿಲ್ಲ.

ಈಗಲೇ ಎಚ್ಚರಿಸುವುದಕ್ಕೆ ಇನ್ನೂ ಕಾರಣಗಳಿವೆ. ಮಳೆ ಪಂಚಾಂಗ ನೋಡಿ ಬರುತ್ತಿಲ್ಲ. 2025ರಲ್ಲಿ ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ಜೂನ್ ಮೊದಲ ವಾರ ಮಾಡಿದರಾಯಿತು ಎಂದು ಇಟ್ಟುಕೊಂಡ ಕೆಲಸ ಅಂಥ ವರ್ಷ ಕೈತಪ್ಪುತ್ತದೆ. ತೋಟವೂ ಬದಲಾಗಿದೆ. ಆಳು ಸಿಗದೆ ಬಸಿಗಾಲುವೆಗಳು ಹೂಳು ತುಂಬಿ ಅರ್ಧ ಅಡಿಗೆ ಇಳಿದಿವೆ. ಒದ್ದೆ ನೆಲದಲ್ಲಿ ಜೆಸಿಬಿ, ಟ್ರ್ಯಾಕ್ಟರ್ ಓಡಾಡಿ ಮಣ್ಣು ಒತ್ತಿಹೋಗಿದೆ. ಕಳೆನಾಶಕ ಹೊಡೆದು ನೆಲ ಬೋಳಾದಲ್ಲಿ ಮಳೆಹನಿ ಮಣ್ಣನ್ನು ಸಿಡಿಸಿ ಕೆಳಗಿನ ಎಲೆಗಳಿಗೆ ರೋಗ ಅಂಟಿಸುತ್ತದೆ. ಹೊಸಮಣ್ಣು ಹಾಕುವ ಭರದಲ್ಲಿ ಬುಡವನ್ನು ಅಡಿಗಟ್ಟಲೆ ಹೂತವರಿದ್ದಾರೆ. ಅದೂ ಬೇರಿನ ಉಸಿರು ಕಟ್ಟಿಸುವ ಕೆಲಸವೇ.

ಹಾಗಾಗಿ ಬೇಸಿಗೆ ಮಳೆ ಒಂದೆರಡು ಬಿದ್ದು ಮಣ್ಣು ಮೆತ್ತಗಾದಾಗ ತೋಟದ ತಗ್ಗಿನ ನಾಲ್ಕೈದು ಬಳ್ಳಿಗಳ ಬುಡವನ್ನು ಕೈಯಲ್ಲೇ ಬಿಡಿಸಿ ನೋಡಿ. ಹಾರೆ, ಗುದ್ದಲಿ ಬೇಡ. ಗಾಯವಾದ ಬೇರು ರೋಗಕ್ಕೆ ಬಾಗಿಲು. ತುದಿ ಬೆಳ್ಳಗೆ, ಮುರಿದರೆ ಗಟ್ಟಿಯಾಗಿದ್ದರೆ ಬೇರು ಆರೋಗ್ಯವಾಗಿದೆ. ಕಂದಾಗಿ ಸಿಪ್ಪೆ ಜಾರಿದರೆ, ಗಂಟು ಕಂಡರೆ, ಆ ಸಾಲಿಗೆ ಈ ವರ್ಷ ಹೆಚ್ಚು ಗಮನ ಬೇಕು. ನೋಡಿದ ಮೇಲೆ ಮಣ್ಣು ಮುಚ್ಚಿ ದರಕು ಹರಡಿ. ಮಳೆ ಹಿಡಿದ ಮೇಲೆ ಬುಡ ಕೆದಕಲೇಬಾರದು.

ಎಲ್ಲಕ್ಕಿಂತ ಮೊದಲ ಕೆಲಸ ಬಸಿಗಾಲುವೆ. ನೀರು ಹರಿದು ತೋಟದಿಂದ ಹೊರಗೆ ಹೋಗುವವರೆಗೆ ಅದು ಪೂರ್ತಿಯಾಗಿಲ್ಲ. ಮೇಲಿನ ತೋಟದವರು ಬಿಡಿಸಿ ಕೆಳಗಿನವರು ಬಿಡಿಸದಿದ್ದರೆ ಇಬ್ಬರಿಗೂ ಪ್ರಯೋಜನವಿಲ್ಲ. ಊರಿನವರು ಕೂತು ಮಾತಾಡಿ ಒಂದೇ ವಾರದಲ್ಲಿ ಮುಗಿಸಬೇಕು. ಆಮೇಲೆ ಮಳೆಗೆ ಮೊದಲಿನ ಔಷಧಿ. ಬೋರ್ಡೋ ದ್ರಾವಣ ಶೇ 1ರದ್ದು: 100 ಲೀಟರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಉಜ್ಜಿ ಹೊಳಪಿಸಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡಿ. ಕೆಂಪು ಕಲೆ ಕೂತರೆ ಸುಣ್ಣ ಸಾಲದು ಎಂದರ್ಥ. ಟ್ರೈಕೊಡರ್ಮಾವನ್ನು ಬೇವಿನ ಹಿಂಡಿಯೊಂದಿಗೆ ಬುಡಕ್ಕೆ ಕೊಡುವವರು ಅದೇ ವಾರ ತಾಮ್ರದ ಔಷಧಿ ಸುರಿಯಬೇಡಿ. ಟ್ರೈಕೊಡರ್ಮಾವೂ ಶಿಲೀಂಧ್ರವೇ, ತಾಮ್ರಕ್ಕೆ ಸಾಯುತ್ತದೆ. ನೀರು ನಿಲ್ಲುವುದನ್ನು ತಪ್ಪಿಸಲಾಗದ ಕಡೆ ಬ್ರೆಜಿಲ್ ಹಿಪ್ಪಲಿಗೆ ಕಸಿ ಕಟ್ಟಿದ ಸಸಿಯನ್ನು ಯೋಚಿಸಬಹುದು. ಅದರ ಬೇರಿಗೆ ಈ ರೋಗ ನಾಟುವುದಿಲ್ಲ, ಆದರೆ ಬೇಸಿಗೆಯಲ್ಲಿ ನೀರು ಬೇಕೇಬೇಕು.

ಸರ್ಕಾರಕ್ಕೂ ಒಂದು ಮಾತು. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳಿವೆ. ಹವಾಮಾನ ಆಧಾರಿತ ಬೆಳೆ ವಿಮೆಯ ಲೆಕ್ಕ ನಡೆಯುವುದು ಮಳೆಯ ಅಂಕಿಗಳ ಮೇಲೆ. ನಷ್ಟವಾದ ಮೇಲೆ ಹಣ ಎಣಿಸಲು ಬಳಕೆಯಾಗುವ ಅಂಕಿ ನಷ್ಟ ತಡೆಯಲೂ ಬಳಕೆಯಾಗಬೇಕು. ಬಿಡದೆ ಮಳೆ ಸುರಿದ ಪಂಚಾಯಿತಿಯ ಬೆಳೆಗಾರರಿಗೆ ಅಂದೇ "ಬಸಿಗಾಲುವೆ ನೋಡಿ, ಹೊಳವಾದ ದಿನ ಎರಡನೇ ಔಷಧಿ ಕೊಡಿ" ಎಂಬ ಸಂದೇಶ ಹೋಗಲಿ. ಇದಕ್ಕೆ ಹೊಸ ಯಂತ್ರ ಬೇಡ, ತೋಟಗಾರಿಕೆ ಇಲಾಖೆಯೂ ಮಳೆಯ ಅಂಕಿ ಕಲೆಹಾಕುವ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರವೂ ಕೂಡಿ ಕೂತರೆ ಸಾಕು. ಆಗಸ್ಟ್‌ನಲ್ಲಿ ಅಧಿಕಾರಿಗಳು ತೋಟಕ್ಕೆ ಬಂದಾಗ ಹಸಿರೆಲೆ ನೋಡಿ "ಹಾನಿಯಿಲ್ಲ" ಎಂದು ಬರೆದು ಹೋಗುವುದೂ ನಿಲ್ಲಬೇಕು. ಆಗ ಪರೀಕ್ಷಿಸಬೇಕಾದದ್ದು, ಬುಡ ಕೆದಕದೆ ತೆಗೆದ ಬೇರಿನ ಬಳಿಯ ಮಣ್ಣನ್ನು.

ಬೆಳೆಗಾರರಲ್ಲಿ ನಮ್ಮ ವಿನಂತಿ ಇಷ್ಟೆ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ತೋಟದ ಅತಿ ತಗ್ಗಿನ ಬಳ್ಳಿಯ ಬುಡದಲ್ಲಿ ಕೂತು ಒಂದು ಬೇರು ಹಿಡಿದು ನೋಡಿ.