‘ತಾನೇ ಬಿದ್ದ’ ಅಂತ ಬರೆಸಬೇಡಿ

ಸೈಕಲ್‌ಗೂ ಕಾರಿಗೂ ಡಿಕ್ಕಿಯಾದ ಜಾಗದಲ್ಲಿ ಯಾವತ್ತಾದರೂ ನಿಂತಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ: ‘ನೋಡ್ಕೊಂಡು ಬರೋಕಾಗಲ್ವೇನಯ್ಯ?’ ಕೇಳುವುದು ಕಾರಿನವರನ್ನಲ್ಲ, ಕೆಳಗೆ ಬಿದ್ದಿರುವ ಸೈಕಲ್‌ನವನನ್ನು. ಕಾರಿನಿಂದ ಇಳಿದವರು ‘ಸಾರ್’ ಆಗುತ್ತಾರೆ, ಸೈಕಲ್‌ನವನು ‘ಲೋ’ ಆಗುತ್ತಾನೆ. ಐದು ನಿಮಿಷದಲ್ಲಿ ಗುಂಪೇ ಕೋರ್ಟ್ ಆಗಿ, ಐನೂರೋ ಸಾವಿರವೋ ಜೇಬಿಗೆ ತುರುಕಿ, ‘ಹೋಗ್ಲಿ ಬಿಡಿ, ದೊಡ್ಡದು ಮಾಡ್ಬೇಡಿ’ ಎಂದು ತೀರ್ಪನ್ನೂ ಕೊಟ್ಟುಬಿಡುತ್ತದೆ.

ಈ ತೀರ್ಪಿನ ಹಿಂದೆ ಒಂದು ನಂಬಿಕೆ ಇದೆ. ಸೈಕಲ್‌ಗೆ ಲೈಸನ್ಸ್ ಇಲ್ಲ, ಆರ್‌ಸಿ ಇಲ್ಲ, ಇನ್ಶೂರೆನ್ಸ್ ಇಲ್ಲ, ಹಾಗಾಗಿ ಅವನಿಗೆ ಕಾನೂನಿನಲ್ಲಿ ಏನೂ ಸಿಗುವುದಿಲ್ಲ ಎಂಬುದು. ಎಂಜಿನಿಯರಿಂಗ್ ಓದುವ ನನ್ನ ಸಹಪಾಠಿಗಳಲ್ಲಿ ಹತ್ತು ಜನರನ್ನು ಕೇಳಿದರೆ ಎಂಟು ಜನ ಇದನ್ನೇ ಹೇಳುತ್ತಾರೆ. ಇದು ಶುದ್ಧ ಸುಳ್ಳು. ಮೋಟಾರು ವಾಹನ ಕಾಯ್ದೆ ಈ ಕಾಗದಗಳನ್ನು ಕೇಳುವುದು ಮೋಟಾರು ಇರುವ ವಾಹನಕ್ಕೆ. ಪೆಡಲ್ ತುಳಿಯುವವನಿಗೆ ಅವು ಬೇಕಿಲ್ಲ, ಆದ್ದರಿಂದ ಅವು ಇಲ್ಲದಿರುವುದು ಅವನ ತಪ್ಪೂ ಅಲ್ಲ. ಹೆಲ್ಮೆಟ್ ಕಡ್ಡಾಯ ಮಾಡುವ ಸೆಕ್ಷನ್ 129 ಕೂಡ ಬೈಕ್‌ ಸವಾರರಿಗೆ ಸಂಬಂಧಿಸಿದ್ದು, ಸೈಕಲ್‌ಗಲ್ಲ. (ಹಾಕಿಕೊಂಡರೆ ತಲೆಗೆ ಒಳ್ಳೆಯದು, ಅದು ಬೇರೆ ಮಾತು.) ಇನ್ಶೂರೆನ್ಸ್ ಇರಬೇಕಾದದ್ದು ಗುದ್ದಿದ ವಾಹನಕ್ಕೆ. ‘ಥರ್ಡ್ ಪಾರ್ಟಿ’ ಎಂದು ಪಾಲಿಸಿಯಲ್ಲಿ ಬರೆದಿರುತ್ತದಲ್ಲ, ಆ ಮೂರನೆಯವನು ಯಾರು ಅಂದುಕೊಂಡಿದ್ದೀರಿ? ರಸ್ತೆಯಲ್ಲಿ ಸೈಕಲ್ ತುಳಿಯುವವನು, ನಡೆದು ಹೋಗುವವನು. ಆ ವಿಮೆ ಇಲ್ಲದೆ ಗಾಡಿಯನ್ನು ರಸ್ತೆಗೆ ಇಳಿಸುವಂತೆಯೇ ಇಲ್ಲ ಎಂದು ಕಾನೂನು ಹೇಳುವುದು ಇಂಥವರ ಸಲುವಾಗಿಯೇ.

ನನ್ನ ಸೋದರಮಾವನ ವಿಷಯ ಹೇಳುತ್ತೇನೆ. ತಿಪಟೂರು ಸೀಮೆಯಲ್ಲಿ ತೋಟದ ಮನೆಗಳಿಗೆ ಹೋಗಿ ಕೊಬ್ಬರಿ ಕಾಯಿ ಸುಲಿಯುವುದು ಅವನ ಕಸುಬು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಒತ್ತಿ, ಕಾಲಿನ ಮೇಲೆ ಭಾರ ಬಿಟ್ಟು ತಿರುಚುವ ಕೆಲಸ ಅದು. ಕೂಲಿ ಕಾಯಿ ಲೆಕ್ಕದ್ದು. ಎರಡು ವರ್ಷದ ಹಿಂದೆ ಜನವರಿಯ ಒಂದು ಮುಂಜಾನೆ ಹೆದ್ದಾರಿಯ ಅಂಚಿನಲ್ಲಿ ಸೈಕಲ್‌ನಲ್ಲಿ ಹೋಗುತ್ತಿದ್ದವನಿಗೆ ಹಿಂದಿನಿಂದ ಕಾರು ಗುದ್ದಿತು. ಮೊಣಕಾಲ ಕೆಳಗಿನ ಮೂಳೆ ಎರಡು ತುಂಡು. ಕಾರಿನವರು ಕೆಟ್ಟವರಲ್ಲ, ತಾವೇ ಎತ್ತಿ ಕೂರಿಸಿಕೊಂಡು ಪಟ್ಟಣದ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಆದರೆ ದಾರಿಯಲ್ಲೇ ಒಂದು ಮಾತು ತೆಗೆದುಕೊಂಡಿದ್ದರು: ‘ಪೊಲೀಸು ಕೇಸು ಬೇಡ ಯಜಮಾನ್ರೆ, ಖರ್ಚೆಲ್ಲ ನಾನು ನೋಡ್ಕೋತೀನಿ. ಕೇಳಿದ್ರೆ ಸೈಕಲ್‌ನಿಂದ ಬಿದ್ದೆ ಅಂದ್ಬಿಡಿ.’

ಮಾವ ಹಾಗೇ ಅಂದ. ಆಸ್ಪತ್ರೆಯವರು ಹಾಗೇ ಬರೆದುಕೊಂಡರು: ‘ಸೈಕಲ್‌ನಿಂದ ತಾನೇ ಬಿದ್ದದ್ದು’.

ಕಾರಿನವರು ಹನ್ನೆರಡು ಸಾವಿರ ಕೊಟ್ಟರು. ಕಾಲಿಗೆ ರಾಡ್ ಹಾಕಿಸಿ ಮನೆಗೆ ಬರುವ ಹೊತ್ತಿಗೆ ಖರ್ಚು ಎಂಬತ್ತೈದು ಸಾವಿರ ದಾಟಿತ್ತು. ಫೋನು ಮೊದಲು ರಿಂಗಾಗುತ್ತಿತ್ತು, ಆಮೇಲೆ ಸ್ವಿಚ್ ಆಫ್. ಉಳಿದ ಹಣವನ್ನು ಅತ್ತೆ ಸಂಘದಲ್ಲಿ ಸಾಲ ಎತ್ತಿದಳು, ಈಗಲೂ ವಾರ ವಾರ ಕಟ್ಟುತ್ತಿದ್ದಾಳೆ. ಮಾವ ನಡೆಯುತ್ತಾನೆ, ಆದರೆ ಆ ಕಾಲಿನ ಮೇಲೆ ಭಾರ ಬಿಡಲಾರ. ಮೊದಲು ಸುಲಿಯುತ್ತಿದ್ದ ಕಾಯಿಯಲ್ಲಿ ಮುಕ್ಕಾಲು ಪಾಲೂ ಈಗ ಆಗುವುದಿಲ್ಲ.

ನಂತರ ಪರಿಚಯದ ವಕೀಲರೊಬ್ಬರಿಗೆ ಆಸ್ಪತ್ರೆಯ ಕಾಗದ ತೋರಿಸಿದಾಗ ಅವರು ಮೊದಲು ಓದಿದ್ದು ಆ ಒಂದು ಸಾಲನ್ನೇ. ‘ಇದೊಂದು ಬರೆಸದೇ ಇದ್ದಿದ್ರೆ...’ ಎಂದು ಕಾಗದ ಮಡಚಿ ಕೊಟ್ಟರು. ಎಫ್‌ಐಆರ್ ಇಲ್ಲ, ಗಾಡಿಯ ನಂಬರ್ ಎಲ್ಲೂ ದಾಖಲಾಗಿಲ್ಲ, ಆಸ್ಪತ್ರೆಯ ದಾಖಲೆಯೇ ‘ತಾನೇ ಬಿದ್ದ’ ಎನ್ನುತ್ತಿದೆ. ವಿಮಾ ಕಂಪನಿಯ ವಕೀಲರಿಗೆ ಇಷ್ಟು ಸಾಕು.

ಅವನಿಗೆ ಏನು ಸಿಗಬಹುದಿತ್ತು ಎಂದು ನಾನೇ ಲೆಕ್ಕ ಹಾಕಿ ನೋಡಿದೆ. ಈ ಲೆಕ್ಕದ ಸೂತ್ರ ಗುಟ್ಟಿನದೇನಲ್ಲ. ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮ ಪ್ರಕರಣದಲ್ಲಿ ವಯಸ್ಸಿಗೆ ತಕ್ಕಂತೆ ಒಂದು ಗುಣಕದ ಪಟ್ಟಿ ಕೊಟ್ಟಿದೆ. 41ರಿಂದ 45 ವಯಸ್ಸಿನವರಿಗೆ ಗುಣಕ 14. ಮಾವನಿಗೆ ಆಗ 42. ತಿಂಗಳ ದುಡಿಮೆ ಹದಿನೈದು ಸಾವಿರ ಎಂದಿಟ್ಟುಕೊಳ್ಳಿ, ದುಡಿಯುವ ಶಕ್ತಿಯಲ್ಲಿ ನಷ್ಟ ನೂರಕ್ಕೆ ಇಪ್ಪತ್ತು ಮಾತ್ರ ಎಂದಿಟ್ಟುಕೊಳ್ಳಿ. 15,000ವನ್ನು 12ರಿಂದ, ಅದನ್ನು 14ರಿಂದ ಗುಣಿಸಿ ಅದರಲ್ಲಿ ಶೇ 20 ತೆಗೆದರೆ 5,04,000 ರೂಪಾಯಿ. ಆಸ್ಪತ್ರೆ ಖರ್ಚು, ನೋವಿಗೆ ಪರಿಹಾರ, ಮಲಗಿದ್ದ ತಿಂಗಳುಗಳ ಕೂಲಿ ಇವೆಲ್ಲ ಅದರ ಮೇಲೆ. ಕೈಗೆ ಬಂದದ್ದು ಹನ್ನೆರಡು ಸಾವಿರ. ಅಂದಹಾಗೆ, ಇದೇ ಪಟ್ಟಿಯಲ್ಲಿ 15ರಿಂದ 25 ವಯಸ್ಸಿನವರಿಗೆ, ಅಂದರೆ ಈ ಪುಟ ಓದುವ ನಮ್ಮ ನಿಮ್ಮಂಥವರಿಗೆ, ಗುಣಕ 18. ದುಡಿಮೆ ಇನ್ನೂ ಶುರುವಾಗದಿದ್ದರೂ ವಿದ್ಯಾರ್ಥಿಗೆ ಒಂದು ಅಂದಾಜು ಆದಾಯ ಹಿಡಿದು ಲೆಕ್ಕ ಹಾಕುತ್ತಾರೆ.

ನನಗೆ ಹೆಚ್ಚು ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಆ ಐದು ಲಕ್ಷವನ್ನು ಕಾರಿನವರು ತಮ್ಮ ಜೇಬಿನಿಂದ ಕೊಡಬೇಕಿರಲಿಲ್ಲ. ವರ್ಷ ವರ್ಷ ಥರ್ಡ್ ಪಾರ್ಟಿ ವಿಮೆಗೆ ಪ್ರೀಮಿಯಂ ಕಟ್ಟಿರುತ್ತಾರೆ, ಪರಿಹಾರ ಕೊಡಬೇಕಾದದ್ದು ಕಂಪನಿ. ರಸ್ತೆ ಬದಿಯ ರಾಜಿಯಲ್ಲಿ ಕಾರಿನವರು ಹನ್ನೆರಡು ಸಾವಿರ ಕಳೆದುಕೊಂಡರು, ಮಾವ ಕಾಲಿನ ಬಲ ಕಳೆದುಕೊಂಡ. ಏನೂ ಕಳೆದುಕೊಳ್ಳದೆ ಉಳಿದದ್ದು ಆ ಜಾಗದಲ್ಲಿ ಇರಲೇ ಇಲ್ಲದ ವಿಮಾ ಕಂಪನಿ ಮಾತ್ರ! ಕೇಸಿನ ಭಯ ಕಾರಿನವರಿಗೆ ಇರುವುದು ಸಹಜ, ಒಪ್ಪುತ್ತೇನೆ. ಅಜಾಗರೂಕತೆಯ ಚಾಲನೆಗೆ ಈಗಿನ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281ರಲ್ಲಿ ಆರು ತಿಂಗಳವರೆಗೆ ಶಿಕ್ಷೆ ಅಥವಾ ದಂಡ ಇದೆ, ಗಾಯದ ತೀವ್ರತೆ ನೋಡಿ ಬೇರೆ ಸೆಕ್ಷನ್‌ಗಳೂ ಸೇರುತ್ತವೆ. ಆದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ ಎಂದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134 ಹೇಳುತ್ತದೆ. ಆಸ್ಪತ್ರೆಗೆ ಕರೆದೊಯ್ದರೆ ಅರ್ಧ ಕರ್ತವ್ಯ ಮಾಡಿದಂತೆ, ಅಷ್ಟೇ.

‘ಸೈಕಲ್‌ನವರೇನು ಸಾಚಾಗಳಾ?’ ಎಂದು ನನ್ನ ರೂಮ್‌ಮೇಟ್ ಕೇಳುತ್ತಾನೆ. ಅಲ್ಲ. ರಾಂಗ್ ಸೈಡಿನಲ್ಲಿ ಬರುವವರು, ರಾತ್ರಿ ಲೈಟೂ ಇಲ್ಲದೆ ಹಿಂದೆ ಕೆಂಪು ರಿಫ್ಲೆಕ್ಟರೂ ಇಲ್ಲದೆ ಹೋಗುವವರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ನಮ್ಮ ಕಾಲೇಜಿನ ಹುಡುಗರು ಎಲ್ಲರೂ ಇದ್ದಾರೆ. ಕಾನೂನು ಅದನ್ನೂ ನೋಡುತ್ತದೆ. ಸೈಕಲ್‌ನವನ ತಪ್ಪು ನೂರಕ್ಕೆ ಮೂವತ್ತು ಎಂದು ನ್ಯಾಯಮಂಡಳಿಗೆ ಕಂಡರೆ ಪರಿಹಾರದಲ್ಲಿ ಮೂವತ್ತು ಭಾಗ ಕಡಿಮೆ ಮಾಡುತ್ತದೆ. ಉಳಿದ ಎಪ್ಪತ್ತು ಭಾಗ ಅವನದೇ. ರಸ್ತೆಯ ಗುಂಪು ಮಾತ್ರ ಒಂದು ಸಣ್ಣ ತಪ್ಪು ಸಿಕ್ಕರೆ ನೂರಕ್ಕೆ ನೂರನ್ನೂ ಕಿತ್ತುಕೊಳ್ಳುತ್ತದೆ.

ತಪ್ಪು ಅಳೆಯುವಾಗ ಭೌತಶಾಸ್ತ್ರವನ್ನೂ ಸ್ವಲ್ಪ ನೆನಪಿಸಿಕೊಳ್ಳಬೇಕು. ಸಾವಿರ ಕೆ.ಜಿ. ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದೆ, ಸವಾರನೂ ಸೇರಿ 75 ಕೆ.ಜಿ. ಇರುವ ಸೈಕಲ್ 15 ಕಿ.ಮೀ. ವೇಗದಲ್ಲಿದೆ ಎನ್ನಿ. ಕಾರಿನ ಚಲನಶಕ್ತಿ ಸೈಕಲ್‌ನದ್ದರ ಇನ್ನೂರು ಪಟ್ಟಿಗಿಂತ ಹೆಚ್ಚು. ಇಬ್ಬರೂ ಒಂದೇ ಅಳತೆಯ ತಪ್ಪು ಮಾಡಿದರೂ ಮೂಳೆ ಮುರಿಯುವುದು ಒಬ್ಬನದು ಮಾತ್ರ. ನೆದರ್ಲೆಂಡ್ಸ್‌ನಲ್ಲಿ ಇದನ್ನು ಕಾನೂನೇ ಒಪ್ಪಿಕೊಂಡಿದೆ. ಅಲ್ಲಿ ಸೈಕಲ್ ಸವಾರನಿಗೋ ಪಾದಚಾರಿಗೋ ಗುದ್ದಿದರೆ ಹೊಣೆ ಮೊದಲು ಮೋಟಾರು ವಾಹನದವರದು, ಗಾಯಗೊಂಡವರು 14 ವರ್ಷದೊಳಗಿನ ಮಕ್ಕಳಾದರೆ ಹೆಚ್ಚೂಕಡಿಮೆ ಪೂರ್ತಿ ಅವರದೇ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಸೆಕ್ಷನ್ 164 ಇದೆ. ಯಾರ ತಪ್ಪು ಎಂಬ ಚರ್ಚೆಯೇ ಇಲ್ಲದೆ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳಬಹುದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದು ಎಚ್ಚರ: ಈ ದಾರಿಯಲ್ಲಿ ಹಣ ಒಪ್ಪಿಕೊಂಡರೆ ಸೆಕ್ಷನ್ 166ರ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ಮಾವನಂಥ ಪ್ರಕರಣದಲ್ಲಿ 166 ಮೇಲು. ಸಹಿ ಹಾಕುವ ಮುಂಚೆ ಲೆಕ್ಕ ಹಾಕಿ.

166ರ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕೊಡಬೇಕು. ಅಪಘಾತ ದೂರದ ಊರಿನಲ್ಲಿ ಆಗಿದ್ದರೂ ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಹಾಸ್ಟೆಲ್‌ನಲ್ಲಿ, ಪಿ.ಜಿ.ಯಲ್ಲಿ ಇರುವವರು ಇದನ್ನು ಗುರುತು ಹಾಕಿಕೊಳ್ಳಿ. ತಿದ್ದುಪಡಿಯಾದ ಕಾಯ್ದೆಯಲ್ಲಿ ಅದಕ್ಕೆ ಆರು ತಿಂಗಳ ಗಡುವಿದೆ. ಈ ಗಡುವು ನನಗೆ ಅನ್ಯಾಯ ಅನ್ನಿಸುತ್ತದೆ. ಕಾಲು ಮುರಿದವನು ಎದ್ದು ನಡೆಯುವುದಕ್ಕೇ ಆರು ತಿಂಗಳು ಬೇಕು. ಆದರೆ ಗಡುವು ಗಡುವೇ, ಮಲಗಿದ್ದಾಗಲೇ ಮನೆಯವರು ಓಡಾಡಬೇಕು.

ಓಡಾಟ ಶುರುವಾಗಬೇಕಾದದ್ದು ಆಸ್ಪತ್ರೆಯ ಕೌಂಟರಿನಿಂದ. ‘ಏನಾಯ್ತು?’ ಎಂದು ಕೇಳಿದಾಗ ಆದದ್ದನ್ನೇ ಹೇಳಿ: ಇಂಥ ಕಡೆ, ಇಷ್ಟು ಹೊತ್ತಿಗೆ, ಇಂಥ ನಂಬರಿನ ಕಾರು ಗುದ್ದಿತು. ಆಗ ಅದು ಎಂಎಲ್‌ಸಿ ಆಗುತ್ತದೆ, ಪೊಲೀಸರಿಗೆ ಆಸ್ಪತ್ರೆಯೇ ತಿಳಿಸುತ್ತದೆ. ಎಂಎಲ್‌ಸಿ ಆದರೆ ಚಿಕಿತ್ಸೆ ತಡವಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಮೊದಲು ಜೀವ ಉಳಿಸಿ, ಪೊಲೀಸ್ ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದ್ದು 1989ರಲ್ಲಿ, ನಾವು ಹುಟ್ಟುವ ಮುಂಚೆ! 2025ರ ಮೇ ತಿಂಗಳಿಂದ ಇನ್ನೊಂದು ಅನುಕೂಲವೂ ಇದೆ. ಮೋಟಾರು ವಾಹನದಿಂದಾದ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ನಗದುರಹಿತ ಚಿಕಿತ್ಸೆ. ‘ಸೈಕಲ್‌ನಿಂದ ತಾನೇ ಬಿದ್ದ’ ಎಂದು ಬರೆಸಿದವನಿಗೆ ಇದೂ ಇಲ್ಲ.

ಗುದ್ದಿದ ಜಾಗದಲ್ಲಿ ನೀವಿದ್ದರೆ ವಿಡಿಯೊ ಮಾಡುವ ಬದಲು ನಂಬರ್ ಪ್ಲೇಟಿನದೊಂದು ಫೋಟೊ ತೆಗೆಯಿರಿ, ಸೈಕಲ್ ಬಿದ್ದಿರುವ ಜಾಗದ್ದೊಂದು ತೆಗೆಯಿರಿ, 112ಕ್ಕೋ 108ಕ್ಕೋ ಫೋನ್ ಮಾಡಿ. ಎಂಪರಿವಾಹನ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ವಿಮೆ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಸಾಕ್ಷಿ ಹೇಳಲು ಅಲೆಸುತ್ತಾರೆ ಎಂಬ ಭಯ ಬೇಡ, ಸಹಾಯಕ್ಕೆ ಬಂದವರಿಗೆ ಸೆಕ್ಷನ್ 134ಎ ರಕ್ಷಣೆ ಕೊಟ್ಟಿದೆ, ಇಷ್ಟವಿಲ್ಲದಿದ್ದರೆ ಹೆಸರು ಹೇಳಬೇಕಾಗಿಯೂ ಇಲ್ಲ. ಠಾಣೆಯಲ್ಲಿ ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದರೆ ಈಗ ಅದೂ ನಡೆಯುವುದಿಲ್ಲ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು, ಎಫ್‌ಐಆರ್ ಪ್ರತಿಯನ್ನು ದೂರುದಾರನಿಗೆ ಪುಕ್ಕಟೆ ಕೊಡಬೇಕು. ಇಷ್ಟೆಲ್ಲ ಕಾಯ್ದೆಯಲ್ಲಿದ್ದರೂ ‘ಕೂತು ಮಾತಾಡಿ ಮುಗಿಸ್ಕೊಳ್ರಿ’ ಎಂಬುದೇ ಠಾಣೆಯಲ್ಲಿ ಕೇಳುವ ಮೊದಲ ಮಾತು ಎಂಬುದು ನನಗೂ ಗೊತ್ತು.

ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗುವವರು ಬಹಳ. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ನನಗೆ ಎಂದು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಆಸ್ಪತ್ರೆಯ ಹಾಸಿಗೆಯ ಬಳಿಗೇ ಬಂದು ಅಂಥ ಕರಾರು ಮಾಡಿಕೊಳ್ಳುವವರಿಂದ ದೂರ ಇರಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಇವರಿಗೆಲ್ಲ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ಇಂಥ ಅರ್ಜಿಗಳು ರಾಜಿಯಾಗಿ ಬೇಗ ಮುಗಿಯುವುದೂ ಉಂಟು. ರಾಜಿಯೇ ಬೇಕೆಂದರೆ ನ್ಯಾಯಾಧೀಶರ ಎದುರು ಆಗಲಿ, ಟೀ ಅಂಗಡಿಯ ಮುಂದೆ ಬೇಡ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ ಹೆಚ್ಚೂಕಡಿಮೆ ನೂರಕ್ಕೆ ಮೂವರು ಸೈಕಲ್ ಸವಾರರು. ‘ತಾನೇ ಬಿದ್ದ’ ಎಂದು ಬರೆಸಿಕೊಂಡ ಗಾಯಾಳುಗಳು ಯಾವ ವರದಿಯಲ್ಲೂ ಬರುವುದಿಲ್ಲ. ಲೆಕ್ಕಕ್ಕೆ ಬರದವರಿಗಾಗಿ ಯಾರು ತಾನೇ ಸೈಕಲ್ ಪಥ ಹಾಕುತ್ತಾರೆ? ಸೈಕಲ್ ಪಥ ಹೇಗಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಐಆರ್‌ಸಿ 11 ಎಂಬ ಮಾರ್ಗಸೂಚಿಯನ್ನೇ ಮಾಡಿಟ್ಟಿದೆ, ಸಿವಿಲ್ ವಿಭಾಗದ ಗೆಳೆಯರು ಬೇಕಾದರೆ ತೆಗೆದು ನೋಡಿ. 2006–07ರಿಂದ ನಮ್ಮ ಸರ್ಕಾರವೇ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಅದನ್ನು ತುಳಿಯುವುದಕ್ಕೆ ರಸ್ತೆಯ ಅಂಚಿನಲ್ಲಿ ಎರಡು ಮೀಟರ್ ಜಾಗ ಮಾತ್ರ ಕೊಡಲಿಲ್ಲ.

ಗುದ್ದಿದವನು ಓಡಿಹೋಗಿ ನಂಬರೂ ಸಿಗದಿದ್ದರೆ? ಅದಕ್ಕೂ ದಾರಿ ಇದೆ. ಸೆಕ್ಷನ್ 161ರಲ್ಲಿ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ. 2022ರ ಮೊದಲು ಇದು 25,000 ಮತ್ತು 12,500 ಇತ್ತು. ಅರ್ಜಿ ಕೊಡಬೇಕಾದದ್ದು ಕೋರ್ಟಿಗಲ್ಲ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಂಥ ಕಂದಾಯ ಅಧಿಕಾರಿಗೆ. ಕಳೆದ ಸಲ ಊರಿಗೆ ಹೋದಾಗ ನಮ್ಮ ತಾಲ್ಲೂಕು ಕಚೇರಿಯಲ್ಲಿ ಇದರ ಬಗ್ಗೆ ಏನಾದರೂ ಬರೆದಿದೆಯೇ ಎಂದು ಹುಡುಕಿದೆ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಹಣಿ, ಪಿಂಚಣಿ ಎಲ್ಲಕ್ಕೂ ಬೋರ್ಡ್ ಇತ್ತು, ಇದಕ್ಕೆ ಇರಲಿಲ್ಲ. ಕೌಂಟರಿನಲ್ಲಿ ಕೇಳಿದರೆ ‘ಅಂಥದ್ದು ಇಲ್ಲಿಗೆ ಬರಲ್ಲ, ಪೊಲೀಸ್ ಸ್ಟೇಷನ್‌ಗೆ ಹೋಗಿ’ ಎಂದರು. ಪ್ರತಿ ತಾಲ್ಲೂಕು ಕಚೇರಿಯ ಗೋಡೆಗೆ, ಪ್ರತಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಿಗೆ ಕನ್ನಡದಲ್ಲಿ ಒಂದೊಂದು ಬೋರ್ಡ್ ಬರೆಸಿ ಹಾಕಲು ಎಷ್ಟು ಖರ್ಚಾದೀತು? ಜಿಲ್ಲಾಧಿಕಾರಿಗಳಿಗೆ ಇದನ್ನೇ ಕೇಳಿ ನಮ್ಮ ಊರಿನ ಹದಿನಾರು ಜನ ಸಹಿ ಹಾಕಿದ ಮನವಿ ಕಳಿಸಿದ್ದೇವೆ. ಮೊದಲ ಸಹಿ ಮಾವನದು.