ಮೀನಿಗೆ ಎಷ್ಟು ಬಿಸಿ ತಡೆದೀತು?

ಒಲೆಯ ಮೇಲೆ ನೀರಿಟ್ಟು ಗಮನಿಸಿ. ಕುದಿ ಬರುವುದಕ್ಕೆ ಬಹಳ ಮೊದಲೇ ಪಾತ್ರೆಯ ತಳದಲ್ಲಿ ಸಾಸಿವೆಯಂಥ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅದು ನೀರಿನಲ್ಲಿ ಕರಗಿದ್ದ ಗಾಳಿ. ಮೀನು ಉಸಿರಾಡುವುದು ಈ ಗಾಳಿಯ ಆಮ್ಲಜನಕವನ್ನೇ. 10 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಉಪ್ಪುನೀರಿನಲ್ಲಿ ಇನ್ನೂ ಕಡಿಮೆ. ಇತ್ತ ನೀರು ಬಿಸಿಯಾದಂತೆ ಮೀನಿನ ಮೈಯೂ ಬಿಸಿಯಾಗಿ, ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರಿದ ಮನೆಯ ಪಾಡು!

ತಣ್ಣೀರಿನ ಮೀನುಗಳ ಕಷ್ಟ ಬೇಗ ಕಾಣುತ್ತದೆ. ಬ್ರಿಟಿಷರು ನೀಲಗಿರಿಯ ತೊರೆಗಳಿಗೆ ತಂದುಬಿಟ್ಟ ಟ್ರೌಟ್, ನೀರು 25 ಡಿಗ್ರಿ ದಾಟಿದರೆ ಹೆಚ್ಚು ಕಾಲ ಬಾಳದು. ಕುಮಟಾ, ಹೊನ್ನಾವರ, ಭಟ್ಕಳದ ಅಳಿವೆಗಳ ಮೀನಿಗಾದರೋ ಬೇಸಿಗೆಯಲ್ಲಿ 30 ಡಿಗ್ರಿ ದಿನನಿತ್ಯದ ಮಾತು. ಹಾಗಾದರೆ ನಮ್ಮ ಮೀನು ಗಟ್ಟಿಯಲ್ಲವೇ ಎಂದು ನೀವು ಕೇಳಬಹುದು.

ಇದನ್ನು ಅಳೆಯುವ ಬಗೆ ಸರಳ (ಮೀನಿಗೆ ಸುಖದ್ದಲ್ಲ, ಬಿಡಿ). ತೊಟ್ಟಿಯ ನೀರನ್ನು ಮೆಲ್ಲಗೆ ಕಾಯಿಸುತ್ತ, ಮೀನು ಸಮತೋಲ ತಪ್ಪಿ ಮಗುಚುವಾಗಿನ ಉಷ್ಣತೆಯನ್ನು ಗುರುತಿಸುತ್ತಾರೆ. ಕೆಲವು ವಾರ ಬೆಚ್ಚನೆಯ ನೀರಿನಲ್ಲಿ ಸಾಕಿದ ಮೀನು ಇನ್ನಷ್ಟು ಬಿಸಿ ತಡೆಯುತ್ತದೆ, ಮೈ ಒಗ್ಗಿಕೊಂಡಿರುತ್ತದೆ. ಆದರೆ ನೀರು ಒಂದು ಡಿಗ್ರಿ ಏರಿದರೆ ತಾಳಿಕೆಯ ಮಿತಿ ಏರುವುದು ಬಹುಮಟ್ಟಿಗೆ ಅರ್ಧ ಡಿಗ್ರಿಯೋ ಅದಕ್ಕಿಂತ ಕಡಿಮೆಯೋ. ಸೂರು ಕೊಂಚ ಎತ್ತರವಾಯಿತು, ನೆಲ ಅದಕ್ಕಿಂತ ಹೆಚ್ಚು ಏರಿತು. ತಲೆಯೆತ್ತಿ ನಿಲ್ಲುವ ಜಾಗ ಕಿರಿದಾಯಿತು. ನಮ್ಮಂಥ ಬಿಸಿನಾಡಿನ ಹಲವು ಮೀನುಗಳಿಗೆ ಆ ಜಾಗ ಮೊದಲೇ ಕಿರಿದು.

2000ದ ದಶಕದಲ್ಲಿ ಕುಮಟಾ ತಾಲ್ಲೂಕಿನ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾಪವಿತ್ತು. ಅಂಥ ಸ್ಥಾವರಗಳು ಯಂತ್ರ ತಣಿಸಲು ಬಳಸಿದ ನೀರನ್ನು ಬೆಚ್ಚಗಾಗಿಯೇ ಹಿಂದಕ್ಕೆ ಬಿಡುತ್ತವೆ. 1999ರ ಜೂನ್ ನಂತರ ಬಂದ, ಕಡಲನೀರು ಬಳಸುವ ಉಷ್ಣ ಸ್ಥಾವರಗಳಿಗೆ ಕೇಂದ್ರದ ನಿಯಮ ಹಾಕಿದ ಮಿತಿ 7 ಡಿಗ್ರಿ ಏರಿಕೆ. ಮೇ ತಿಂಗಳ ಮೂವತ್ತಕ್ಕೆ ಏಳು ಕೂಡಿಸಿ ನೋಡಿ. ಮೀನು ಈಜಿ ದೂರ ಹೋದೀತು; ಅಘನಾಶಿನಿಯ ಕೆಸರಲ್ಲಿ ಹುದುಗಿದ ಬಳಚು ಎಲ್ಲಿಗೆ ಹೋಗಬೇಕು? ಇಳಿತದ ಹೊತ್ತಿಗೆ ಅದನ್ನು ಆಯ್ದು ಬದುಕುವ ನೂರಾರು ಕುಟುಂಬಗಳು? ಜನರ ವಿರೋಧ ಬಲವಾಯಿತು, ಸ್ಥಾವರ ಬರಲಿಲ್ಲ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು.

ಬಿಸಿಲಿಗೆ ಮಾತ್ರ ಯಾರ ಅನುಮತಿಯೂ ಬೇಕಿಲ್ಲ. ಬರುವ ಬೇಸಿಗೆ ರಜೆಯಲ್ಲಿ ಒಂದು ಥರ್ಮಾಮೀಟರ್ ಹಿಡಿದು, ದೊಡ್ಡವರ ಜೊತೆ, ನಡುಮಧ್ಯಾಹ್ನದ ಇಳಿತದಲ್ಲಿ ಹೊಳೆಗೆ ಹೋಗಿ. ಹರಿಯುವ ನೀರು, ನಿಂತ ನೀರು, ಕಾಂಡ್ಲ ಗಿಡದ ನೆರಳಿನ ನೀರು ಮೂರನ್ನೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ.